ಕಡಿಯದೆ ಉಳಿದ ಎರಡು ಸಾಲು

ರೇನೆನ್
ಜೂನ್ 23, 1940, ಭಾನುವಾರ

ಎವರ್ಟ್ ಅಣ್ಣನಿಗೆ,

ನೀನು ಚೆನ್ನಾಗಿದ್ದೀಯ ಎಂದುಕೊಂಡಿದ್ದೇನೆ. ನಾವು ಬದುಕಿದ್ದೇವೆ. ನಿನ್ನ ಮೂರು ಕಾಗದಗಳೂ ಬಂದವು. ಉತ್ತರ ತಡವಾಯಿತು, ಕ್ಷಮಿಸು. ಹೀಗೆ ಶುರು ಮಾಡಬೇಕಂತೆ, ಮಾಡಿದ್ದೇನೆ. ನಿಜ ಹೇಳಬೇಕೆಂದರೆ ಪುರುಸೊತ್ತಿಲ್ಲದೆ ತಡವಾಗಿದ್ದಲ್ಲ. ನಿನಗೆ ಬರೆಯಲು ಮನಸ್ಸಿರಲಿಲ್ಲ. ನಿನ್ನ ಅಕ್ಷರ ಎಷ್ಟು ದುಂಡಗಿದೆ ಎಂದರೆ ಲಕೋಟೆ ನೋಡಿದರೇ ನನಗೆ ಸಿಟ್ಟು ಬರುತ್ತದೆ.

ಮೈಂಟ್ಯೆ ಅತ್ತೆ ನಾಳೆ ಹೇಗ್‌ಗೆ ಬರುತ್ತಿದ್ದಾಳೆ, ಅವಳ ಕೈಯಲ್ಲಿ ಇದನ್ನು ಕಳಿಸುತ್ತೇನೆ. ಅಂಚೆಗೆ ಹಾಕಿದರೆ ಈಗ ಯಾವ ಜರ್ಮನ್ ಕೂತು ಓದುತ್ತಾನೋ. ತಪ್ಪುಗಳಿದ್ದರೆ ತಿದ್ದಿಕೊಂಡು ಓದು. ಅಪ್ಪ ಚರ್ಚಿನಿಂದ ಬಂದು ಮಲಗಿದ್ದಾನೆ. ಅವನು ಏಳುವುದರೊಳಗೆ ಮುಗಿಸಬೇಕು.

ಮೊದಲು ಮನೆಯ ಸುದ್ದಿ. ಊರಿನ ಅರ್ಧ ಸುಟ್ಟು ಹೋಗಿದೆ. ನಮ್ಮ ಮನೆಯ ಚಾವಣಿ ಒಂದು ಕಡೆ ಹಾರಿಹೋಗಿದೆ, ಅಡುಗೆಮನೆ ಉಳಿದಿದೆ, ಅಲ್ಲೇ ಇಬ್ಬರೂ ಮಲಗುತ್ತೇವೆ. ಹಂದಿ ಇಲ್ಲ, ಕೋಳಿ ಇಲ್ಲ. ಗುಡ್ಡದ ಮೇಲಿನ ಮೃಗಾಲಯದ ಸಿಂಹಗಳನ್ನು ಯುದ್ಧ ಶುರುವಾದ ದಿನವೇ ಗುಂಡಿಟ್ಟು ಕೊಂದರು, ತಪ್ಪಿಸಿಕೊಂಡು ಊರಿಗೆ ನುಗ್ಗಬಾರದು ಅಂತ. ಮೇಲಿನ ತೋಟದಲ್ಲಿ ಚೆರ್ರಿ ಹಣ್ಣಾಗಿದೆ. ಕಬ್ಬಕ್ಕಿಗಳು ಮೋಡದ ಹಾಗೆ ಬಂದು ಇಳಿಯುತ್ತವೆ. ಬಂದೂಕು ಇಟ್ಟುಕೊಳ್ಳುವ ಹಾಗಿಲ್ಲ, ಡಬ್ಬ ಬಡಿದು, ಕೂಗಿ ಓಡಿಸಬೇಕು. ಹನ್ನೆರಡನೇ ವಯಸ್ಸಿನಲ್ಲಿ ಯಾವ ಕೆಲಸಕ್ಕೆ ನನ್ನನ್ನು ಶಾಲೆಯಿಂದ ಬಿಡಿಸಿದರೋ ಇಪ್ಪತ್ತೊಂದರಲ್ಲಿ ಮತ್ತೆ ಅದೇ ಕೆಲಸ. ನೀನು ಆಗ ಒಳಗೆ ಕೂತು ಭೂಪಟ ಬರೆಯುತ್ತಿದ್ದೆ. ನಾನು ಏಣಿಯ ಮೇಲೆ ನಿಂತು ಬೊಬ್ಬೆ ಹಾಕುತ್ತಿದ್ದೆ. ಅಪ್ಪ ಹೊರಗೆ ಬಂದು ಹೇಳುತ್ತಿದ್ದ, "ಸ್ವಲ್ಪ ಮೆಲ್ಲಗೆ ಕೂಗೋ, ಎವರ್ಟ್ ಓದ್ಕೋತಿದಾನೆ." ಹಕ್ಕಿಯನ್ನು ಮೆಲ್ಲಗೆ ಓಡಿಸುವುದು ಹೇಗೆ ಅಂತ ಮಾತ್ರ ಹೇಳಿಕೊಡಲಿಲ್ಲ.

ಈಗ ನಿನ್ನ ಕಾಗದದ ವಿಷಯ. ಸೈನ್ಯವನ್ನು ಬರಖಾಸ್ತು ಮಾಡುವ ಕಚೇರಿಯಲ್ಲಿ ನಿನಗೆ ಕೆಲಸ ಸಿಕ್ಕಿದೆ, ಒಂದೊಂದು ಕಾವಲು ಠಾಣೆ ಹೇಗೆ ಬಿತ್ತು ಅಂತ ಬರೆದಿಡುತ್ತಿದ್ದೀರಿ, ನಮ್ಮ ತೋಟದ ಮುಂದಿನ ಠಾಣೆಯ ಕಥೆ ನಾನು ಬರೆದು ಕಳಿಸಬೇಕು. ಅದಾದ ಮೇಲೆ ನೀನು ವರದಿಯಲ್ಲಿ ಬರೆಯುತ್ತೀಯಂತೆ, ಕೆಳಗಿನ ತೋಟದ ಆ ಮರಗಳು ಕಡಿಯದೆ ನಿಂತಿದ್ದಕ್ಕೆ ನೀನು ಅಪ್ಪನಿಗೆ ಬರೆದ ಪತ್ರವೇ ಕಾರಣ, ನನ್ನ ಜೊತೆಗಾರ ಲಮ್ಮರ್ಟ್ ಸತ್ತಿದ್ದು ನಿನ್ನಿಂದ ಅಂತ. ಹೆಸರು ಹಾಕಿ ಸಹಿ ಮಾಡಿ ಕೆಲಸ ಬಿಡುತ್ತೀಯಂತೆ. ಓದಿ ನನಗೆ ಮೈಯೆಲ್ಲ ಉರಿಯಿತು. ತಪ್ಪು ಮಾಡುವುದರಲ್ಲೂ ನೀನೇ ದೊಡ್ಡವನಾಗಬೇಕು. ತಪ್ಪು ಒಪ್ಪಿಕೊಳ್ಳುವಾಗಲೂ ಜನ "ಎಂಥಾ ಮನುಷ್ಯ" ಅನ್ನಬೇಕು.

ಸರಿ, ಕೇಳಿದ್ದೀಯ, ಹೇಳುತ್ತೇನೆ. ಮಾರ್ಚಿನಿಂದ ಶುರು ಮಾಡಬೇಕು.

ಅಪ್ಪನಿಗೆ ಅರವತ್ತು ತುಂಬಿದ ದಿನ ನೆನಪಿದೆಯಾ? ತೋಟದ ಮುಂದಿನ ಠಾಣೆಯಲ್ಲಿ ಸಿಪಾಯಿಯಾಗಿದ್ದ ನನಗೆ ನಾಲ್ಕು ಗಂಟೆ ರಜೆ ಸಿಕ್ಕಿತ್ತು. ಕಂದಕದಿಂದ ನೇರ ಬಂದೆ, ಬೂಟಿನ ತುಂಬ ಕೆಸರು. ಎಲ್ಲರೂ ಗೋಡೆಗುಂಟ ಕುರ್ಚಿ ಹಾಕಿಕೊಂಡು ಕೂತಿದ್ದರು. ಬಂದವರೆಲ್ಲ ಮೊದಲು ಅಪ್ಪನ ಕೈ ಕುಲುಕಿ, ಆಮೇಲೆ ನಿನ್ನ ಕೈ ಕುಲುಕಿ "ನಿಮ್ಮ ತಂದೆಗೆ ಅರವತ್ತಾಯ್ತು, ಅಭಿನಂದನೆ" ಅನ್ನುತ್ತಿದ್ದರು. ನನ್ನ ಕೈಯನ್ನೂ ಕುಲುಕಬೇಕಿತ್ತು, ಅದು ನಮ್ಮ ಕಡೆಯ ಪದ್ಧತಿ, ನಾನೂ ಮಗನೇ. ಅರ್ಧ ಜನ ಮರೆತರು. ಅತ್ತೆ ಒಂದೊಂದು ಬಿಸ್ಕತ್ತು ಹಂಚಿ ಡಬ್ಬದ ಮುಚ್ಚಳ ಹಾಕಿದಳು.

ಆಗ ಯಾರೋ ಯುದ್ಧ ಬರುತ್ತಾ ಅಂತ ಕೇಳಿದರು. ನೀನು ಎದ್ದು ಮೇಜಿನ ಮೇಲೆ ಕಾಫಿ ಪಾತ್ರೆ ಇಟ್ಟೆ, ಅದು ಜರ್ಮನಿ. ಸಕ್ಕರೆ ಬಟ್ಟಲು ಇಂಗ್ಲೆಂಡು. ನಡುವೆ ನಿನ್ನ ಬಿಸ್ಕತ್ತು ಇಟ್ಟೆ, ಅದು ನಾವು.

"ನಾವು ಯಾರ ಕಡೇನೂ ಅಲ್ಲ," ಅಂದೆ. "ಹೋದ ಸಲ ನಾಲ್ಕು ವರ್ಷ ಸುತ್ತ ಬೆಂಕಿ ಬಿದ್ರೂ ಹೀಗೇ ಪಾರಾದ್ವಿ. ಈ ಸಲ ಫಿರಂಗಿಗಳನ್ನ ಸಮುದ್ರದ ಕಡೆಗೂ ತಿರುಗಿಸಿ ಇಟ್ಟಿದೀವಿ. ಇಂಗ್ಲಿಷಿನವರು ಬಂದ್ರೂ ಹೊಡೀತೀವಿ."

"ಇಂಗ್ಲಿಷಿನವರು ಯಾಕೋ ಬರ್ತಾರೆ?" ಅಂದಳು ಅತ್ತೆ.

"ಬರಲ್ಲ ಅತ್ತೆ. ಆದ್ರೆ ಬರಲ್ಲ ಅಂತ ನಾವು ಹೇಳೋ ಹಾಗಿಲ್ಲ. ಹೇಳಿದ್ರೆ ಅವರ ಕಡೆಯವರು ಅಂತಾಗುತ್ತೆ."

ಎಲ್ಲರೂ ತಲೆಯಾಡಿಸಿದರು. ನಾನು ಹೇಳಿದೆ, "ಎವರ್ಟ್, ಮೇಜಿನ ಮೇಲೆ ಇಟ್ಟ ಬಿಸ್ಕತ್ತನ್ನ ಯಾರೂ ಬಿಡಲ್ಲ." ಅತ್ತೆ ಒಬ್ಬಳೇ ನಕ್ಕಳು. ಅಪ್ಪ ನನ್ನ ಕಡೆ ತಿರುಗಿ, "ಬೂಟು ಹೊರಗೆ ಬಿಟ್ಟು ಬಾ," ಅಂದ.

ಆ ಹೊತ್ತಿಗಾಗಲೇ ಕೆಳಗಿನ ತೋಟದ ಮರಗಳಿಗೆ, ಕಡಿಯಬೇಕು ಅಂತ, ಸುಣ್ಣದ ಗುರುತು ಬಿದ್ದು ನಾಲ್ಕು ತಿಂಗಳಾಗಿತ್ತು. ಐದು ಸಾಲು, ಸಾಲಿಗೆ ಆರು ಮರ, ಒಟ್ಟು ಮೂವತ್ತು. ನಮ್ಮ ಮೆಷಿನ್ ಗನ್ನಿನ ಕಣ್ಣಿಗೆ ನೇರ ಅಡ್ಡ. ನಿನ್ನ ಹಳೆಯ ಕಚೇರಿ ಮಾಡುತ್ತಿದ್ದುದೇ ಆ ಕೆಲಸ ತಾನೆ, ಯಾರ ಮನೆ ಕೆಡವಬೇಕು, ಯಾರ ಮರ ಕಡಿಯಬೇಕು ಅಂತ ಪಟ್ಟಿ ಮಾಡುವುದು. ಆದರೆ ಮರ ಕಡಿಯಲು ಯಜಮಾನನ ಒಪ್ಪಿಗೆ ಬೇಕು, ಯಜಮಾನ ಒಪ್ಪದಿದ್ದರೆ ಸಮಿತಿ, ಸಮಿತಿ ಒಪ್ಪದಿದ್ದರೆ ಮೇಲಿನ ಸಮಿತಿ. ಗಡಿಯ ಆಚೆ ಜರ್ಮನರು ಟ್ಯಾಂಕು ಸಾಲಾಗಿ ನಿಲ್ಲಿಸುತ್ತಿದ್ದರು, ಈಚೆ ನಾವು ಒಂದು ಚೆರ್ರಿ ಮರದ ಮುಂದೆ ಕಾಗದ ಹಿಡಿದು ನಿಂತಿದ್ದೆವು. ಇಂಥದ್ದು ನಮ್ಮ ದೇಶದಲ್ಲಿ ಮಾತ್ರ ಆಗಬೇಕು.

ಲಮ್ಮರ್ಟ್ ಹೇಳುತ್ತಿದ್ದ. ಅವನ ಬಗ್ಗೆ ನಿನಗೆ ಹೆಸರಷ್ಟೇ ಗೊತ್ತು, ನಾನು ಹೇಳುತ್ತೇನೆ. ಏಡೆ ಊರಿನವನು, ಬೇಕರಿಯಲ್ಲಿ ಹಿಟ್ಟು ನಾದುತ್ತಿದ್ದವನು, ತೋಳು ನನ್ನ ತೊಡೆಯಷ್ಟು. ಗನ್ನು ಅವನದು, ಅದಕ್ಕೆ ಗುಂಡಿನ ಪಟ್ಟಿ ಹಿಡಿಯುವವನು ನಾನು. ಎಂಟು ತಿಂಗಳು ಒಂದೇ ಕಂಬಳಿಯಡಿ ಮಲಗಿದ್ದೇವೆ. ಅವನು ದಿನಾ ಆ ಮರಗಳಿಗೆ ಸಲ್ಯೂಟ್ ಹೊಡೆದು ನನ್ನನ್ನು ರೇಗಿಸುತ್ತಿದ್ದ: "ನಿಮ್ಮಪ್ಪನ ಮರಕ್ಕೆ ನಮಗಿಂತ ಮರ್ಯಾದೆ ಜಾಸ್ತಿ ಕಣೋ ಟ್ಯೂನಿಸ್. ಅದನ್ನ ಕಡಿಯೋಕೆ ಸಹಿ ಬೇಕು. ನಮ್ಮನ್ನ ಕಡಿಯೋಕೆ ಏನೂ ಬೇಡ."

ಏಪ್ರಿಲಿನಲ್ಲಿ ಅಪ್ಪ ಕಂದಕಕ್ಕೆ ಬಂದ. ನನ್ನನ್ನು ನೋಡಲು ಅಂದುಕೊಂಡೆ. ಅಲ್ಲ. ನಿನ್ನ ಕಾಗದ ತಂದಿದ್ದ. ಸಾರ್ಜೆಂಟ್ ಡೆಕ್ಕಿಂಗ್ ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿ ಅಂತ ಎರಡು ಸಲ ಮನೆಗೆ ಹೋಗಿ ಬಂದಿದ್ದ, ಅದಕ್ಕೆ ಉತ್ತರ ಕೊಡಲು ಬಂದದ್ದು. ಎಲ್ಲರ ಎದುರು ಕನ್ನಡಕ ಹಾಕಿಕೊಂಡು ಓದಿದ. ನೀನು ಬರೆದಿದ್ದೆ: ಅವಸರ ಬೇಡ, ಈಗ ಜರ್ಮನಿ ಇರುವ ಪೂರ್ವದ ಕಡೆಯ ಮರ ಕಡಿದರೆ ನಾವು ಯಾರಿಗೆ ಹೆದರುತ್ತಿದ್ದೇವೆ ಅಂತ ಜಗತ್ತಿಗೆ ತೋರಿಸಿದ ಹಾಗೆ, ಮೇಲಿನವರು ಇನ್ನೊಮ್ಮೆ ಯೋಚಿಸುತ್ತಿದ್ದಾರೆ, ಅಜ್ಜ ನೆಟ್ಟ ಮರ, ಸುಗ್ಗಿ ಮುಗಿಯುವ ತನಕ ಕಾಯಿರಿ.

"ನನ್ನ ದೊಡ್ಡ ಮಗ ಹೇಗ್‌ನಲ್ಲಿದಾನೆ," ಅಂದ ಅಪ್ಪ. "ಅಲ್ಲಿ ಸರ್ಕಾರದಲ್ಲಿ ಏನು ನಡೆಯುತ್ತೆ ಅಂತ ಅವನಿಗೆ ಗೊತ್ತು."

"ಇಲ್ಲಿ ಏನು ಕಾಣುತ್ತೆ ಅಂತ ನನಗೆ ಗೊತ್ತು," ಅಂದ ಸಾರ್ಜೆಂಟ್. "ಬರೀ ಮರ ಕಾಣುತ್ತೆ."

ನಾನು ನಡುವೆ ಬಾಯಿ ಹಾಕಿದೆ. "ಅಪ್ಪಾ, ಸಹಿ ಹಾಕು. ನೀನು ಬೇಕಾದ್ರೆ ಈ ಗನ್ನಿನ ಹಿಂದೆ ಮಲಗಿ ನೋಡು. ಆ ಕಡೆಯಿಂದ ಯಾರಾದ್ರೂ ಬಂದ್ರೆ ನಮಗೆ ಅವರ ಟೋಪಿ ಕೂಡ ಕಾಣಲ್ಲ."

ಅಪ್ಪ ಕನ್ನಡಕ ತೆಗೆದು ನನ್ನನ್ನು ನೋಡಿದ. "ನೀನು ಎಷ್ಟನೇ ಕ್ಲಾಸು ಓದಿದ್ದೀಯೋ?"

ಅಷ್ಟೇ ಕೇಳಿದ್ದು. ಹತ್ತು ಜನ ನಕ್ಕರು. ಲಮ್ಮರ್ಟ್ ನಗಲಿಲ್ಲ. ಅಪ್ಪ ಹೋದ ಮೇಲೆ ಅವನು ನನ್ನ ಬೆನ್ನಿಗೆ ಒಂದು ಗುದ್ದಿ, "ನಮ್ಮಮ್ಮನೂ ಹಿಂಗೇ, ನಮ್ಮಕ್ಕನ ಮಾತೇ ವೇದವಾಕ್ಯ, ಬಿಡು," ಅಂದ. ನಾನು ಬಿಡಲಿಲ್ಲ.

ಮೇ ಹತ್ತನೇ ತಾರೀಖು ಬೆಳಿಗ್ಗೆ ಜರ್ಮನ್ ವಿಮಾನಗಳು ಬಂದವು. ಊರಿನವರನ್ನೆಲ್ಲ ಕಲ್ಲಿದ್ದಲು ಸಾಗಿಸುವ ದೋಣಿಗಳಲ್ಲಿ ತುಂಬಿ ನದಿಯ ಕೆಳಗಡೆಗೆ ಕಳಿಸಿದರು. ಸಾರ್ಜೆಂಟ್ ನನಗೆ ಅರ್ಧ ಗಂಟೆ ಬಿಟ್ಟುಕೊಟ್ಟ, ಅಪ್ಪನನ್ನು ಹತ್ತಿಸಿ ಬಾ ಅಂತ. ದಂಡೆಯಲ್ಲಿ ಹೆಂಗಸರು, ಹಾಸಿಗೆ, ಮಕ್ಕಳು, ಒಂದು ಗಡಿಯಾರ ಅಪ್ಪಿಕೊಂಡ ಮುದುಕ. ಅಪ್ಪ ದೋಣಿಯ ಅಂಚಿಗೆ ಬಂದು ನನ್ನ ಕೋಟು ಹಿಡಿದುಕೊಂಡ. ಈಗಲಾದರೂ ಏನೋ ಹೇಳುತ್ತಾನೆ ಅಂದುಕೊಂಡೆ.

"ಹೇಗ್‌ನಲ್ಲಿ ಪ್ಯಾರಾಚೂಟಿನವರು ಇಳಿದಿದಾರಂತೆ," ಅಂದ. "ಎವರ್ಟ್‌ಗೆ ಏನೂ ಆಗಿಲ್ಲ ತಾನೇ? ನಿಮ್ಮ ಸಾರ್ಜೆಂಟ್ ಹತ್ರ ಟೆಲಿಫೋನು ಇದೆಯಲ್ಲ, ಕೇಳಿ ತಿಳ್ಕೊ."

ನಾನು ಸರಿ ಅಂದೆ. ದೋಣಿ ಹೊರಟಿತು. ನಾನು ಗನ್ನಿನ ಹತ್ತಿರಕ್ಕೆ ವಾಪಸು ನಡೆದೆ. ದಾರಿಯುದ್ದಕ್ಕೂ ನಿನ್ನನ್ನು ಬೈದೆ, ಇದ್ದಬದ್ದ ಬೈಗುಳವೆಲ್ಲ ಖಾಲಿಯಾಗುವ ತನಕ.

ಮಧ್ಯಾಹ್ನ ಸಾರ್ಜೆಂಟ್ ಮೂರು ದೊಡ್ಡ ಗರಗಸ ತಂದು ಹಾಕಿದ. "ಇವತ್ತು ಯಾರ ಸಹಿಯೂ ಬೇಡ, ಕಡೀರಿ," ಅಂದ. ಕಡಿದೆವು. ಹೂ ತುಂಬಿದ ಮರಗಳು, ಒಂದೊಂದು ಬಿದ್ದಾಗಲೂ ನಮ್ಮ ಟೋಪಿ ಹೆಗಲೆಲ್ಲ ಬಿಳಿ. ಮೂರು ಸಾಲು ಮುಗಿದವು. ರಸ್ತೆಯ ಪಕ್ಕದ ಎರಡು ಸಾಲು ಉಳಿದವು. ಸಾರ್ಜೆಂಟನನ್ನು ಗುಡ್ಡದ ಮೇಲಕ್ಕೆ ಕರೆದಿದ್ದರು, ಗರಗಸ ಮೊಂಡಾಗಿತ್ತು, ಹೊತ್ತು ಸಾಲಲಿಲ್ಲ.

ಮರುದಿನ ಬೆಳಿಗ್ಗೆ ಮೊದಲು ಫಿರಂಗಿ, ಆಮೇಲೆ ಅವರು. ನಾವು ಕಡಿದ ಜಾಗದಲ್ಲಿ ಒಬ್ಬನೂ ಕಾಲಿಡಲಿಲ್ಲ. ಆ ಎರಡು ಸಾಲಿನ ಮರೆಯಲ್ಲಿ ಬಂದರು, ರಸ್ತೆಯ ಚರಂಡಿಗುಂಟ. ಲಮ್ಮರ್ಟ್, "ಎಲ್ಲಿ, ಎಲ್ಲಿ ಅವರು, ಟ್ಯೂನಿಸ್ ಎಲ್ಲಿದಾರೆ?" ಅಂತ ಕೇಳುತ್ತಲೇ ಇದ್ದ. ನನಗೂ ಹೂವಲ್ಲದೆ ಬೇರೇನೂ ಕಾಣಲಿಲ್ಲ. ಕಾಣಬೇಕು ಅಂತ ಅವನು ಮೊಣಕೈ ಊರಿ ಸ್ವಲ್ಪ ಎದ್ದ. ಎದ್ದಿದ್ದು ಅಷ್ಟೇ. ಕುತ್ತಿಗೆಗೆ ಗುಂಡು ಬಿತ್ತು. ನನ್ನ ಮಡಿಲ ಮೇಲೆ ಗುಂಡಿನ ಪಟ್ಟಿ ಇತ್ತು, ಅದರ ಮೇಲೆ ಅವನು ಬಿದ್ದ. ಆಮೇಲೆ ನಾವು ಕೈ ಎತ್ತಿದೆವು.

ಇದು ನಿನ್ನ ವರದಿಗೆ. ಬೇಕಾದ ಹಾಗೆ ಚೆಂದ ಮಾಡಿ ಬರೆದುಕೋ.

ಜರ್ಮನಿಯ ಸೆರೆಯಿಂದ ಬಿಡುಗಡೆಯಾಗಿ ಈ ತಿಂಗಳ ಮೊದಲ ವಾರದ ಕೊನೆಗೆ ಮನೆಗೆ ಬಂದೆ. ಅಪ್ಪ ನನಗಿಂತ ಮುಂಚೆ ಬಂದು ಉಳಿದ ಎರಡು ಸಾಲು ನೋಡಿದ್ದ, ಲಮ್ಮರ್ಟ್ ಸತ್ತದ್ದನ್ನು ಪಕ್ಕದವರಿಂದ ಕೇಳಿದ್ದ. ನಾನು ಬಾಗಿಲಲ್ಲಿ ನಿಂತಾಗ ಎದ್ದು ಬಂದ. ಅಪ್ಪ ನನಗಾಗಿ ಎದ್ದು ಬಂದದ್ದು ನಾನು ಕಂಡಂತೆ ಇದೇ ಮೊದಲು. "ನಿನ್ನ ಮಾತು ಕೇಳಬೇಕಿತ್ತು ಕಣೋ," ಅಂದ. ಮತ್ತೆ ಮತ್ತೆ ಅದನ್ನೇ ಅಂದ. ಗೋಡೆಯ ಮೇಲಿದ್ದ ನಿನ್ನ ಫೋಟೊ, ಆ ಕಾಲೇಜಿನದು, ತೆಗೆದು ಕಪಾಟಿನಲ್ಲಿ ಹಾಕಿದ್ದಾನೆ. ನೀನು ಅವನಿಗೆ ಬರೆದ ಕಾಗದಗಳನ್ನು ಒಡೆಯುವುದಿಲ್ಲ. ಈಗ ಊಟಕ್ಕೆ ಕೂತರೆ ಮೊದಲು ನನ್ನ ತಟ್ಟೆಗೆ ಬಡಿಸುತ್ತಾನೆ. ಮೊನ್ನೆ ಯಾವ ಮರದಿಂದ ಕೀಳಲು ಶುರು ಮಾಡೋಣ ಅಂತ ನನ್ನನ್ನು ಕೇಳಿದ. ಚರ್ಚಿನಲ್ಲಿ ನನ್ನ ಹೆಗಲ ಮೇಲೆ ಕೈಯಿಟ್ಟು ನಡೆಯುತ್ತಾನೆ. ನೀನು ಇಪ್ಪತ್ತೈದು ವರ್ಷ ತಿಂದ ಊಟ ಇದು, ಎವರ್ಟ್. ನನಗೆ ಸಿಕ್ಕು ಎರಡು ವಾರ ಆಗಿದೆ. ರುಚಿ ಹೇಗಿದೆ ಅಂತ ನಿನಗೆ ಹೇಳಬೇಕಾಗಿಲ್ಲ.

ಅಪ್ಪನಿಗೆ ನಿನ್ನ ಪರವಾಗಿ ಎರಡು ಮಾತು ಹೇಳು ಅಂತ ಬರೆದಿದ್ದೀಯ. ಮೇಲಿನವರು ಹೇಳಿದ್ದನ್ನೇ ನೀನು ಬರೆದೆಯಂತೆ, ನಿರ್ಧಾರ ನಿನ್ನದಾಗಿರಲಿಲ್ಲವಂತೆ. ನಿರ್ಧಾರ ನಿನ್ನದಲ್ಲದಿದ್ದರೆ "ನನ್ನ ಮಗ ಹೇಗ್‌ನಲ್ಲಿದಾನೆ" ಅನ್ನಿಸಿಕೊಳ್ಳುವಾಗ ಯಾಕೆ ಸುಮ್ಮನಿದ್ದೆ? ನಾನು ಯಾಕೆ ಹೇಳಲಿ? ನನ್ನ ಪರವಾಗಿ ನೀನು ಯಾವತ್ತಾದರೂ ಹೇಳಿದ್ದೀಯಾ, ಒಂದು ಸಲ, ಅವನನ್ನೂ ಓದಿಸು ಅಂತ?

ಇನ್ನೊಂದು ಸುದ್ದಿ. ಹೋದ ಮಂಗಳವಾರ ಅಪ್ಪ ಒಂದು ಬುಟ್ಟಿ ಚೆರ್ರಿ ಕಟ್ಟಿಕೊಂಡು ಏಡೆಗೆ ಹೋಗಿ ಲಮ್ಮರ್ಟ್‌ನ ಅಮ್ಮನನ್ನು ನೋಡಿ ಬಂದ. ಮರ ಯಾಕೆ ಉಳಿದವು ಅಂತ ಆಕೆ ಕೇಳಿದಳಂತೆ. ಅಪ್ಪ ನಿನ್ನ ಹೆಸರು, ಕಚೇರಿ, ಮನೆ ವಿಳಾಸ ಎಲ್ಲ ಹೇಳಿದ್ದಾನೆ. ಆಕೆ ಬರುವ ಗುರುವಾರ ಹೇಗ್‌ಗೆ ಬರುತ್ತಾಳೆ. ನಿನ್ನ ಮುಖ ನೋಡಬೇಕಂತೆ, ಅಷ್ಟೇ, ಬೇರೇನೂ ಬೇಡವಂತೆ. ಆ ಹೆಂಗಸಿಗೆ ಬಿಸ್ಕತ್ತು ಕಾಫಿ ಪಾತ್ರೆ ಇಟ್ಟು ವಿವರಿಸು ನೋಡೋಣ.

ಅತ್ತೆಯ ಕೈಯಲ್ಲಿ ಒಂದು ಚೀಲ ಹಣ್ಣು ಕಳಿಸಿದ್ದೇನೆ, ಮೇಲಿನ ತೋಟದ್ದು. ಅಪ್ಪನಿಗೆ ಗೊತ್ತಿಲ್ಲ. ಊಟ ಬಿಡಬೇಡ, ನೀನು ಯೋಚನೆ ಹತ್ತಿದರೆ ಊಟ ಬಿಡುವವನು. ಅಪ್ಪ ಹೇಳದಿರುವುದನ್ನು ನಾನು ಹೇಳುತ್ತೇನೆ: ದೇವರು ನಿನ್ನ ಕೈ ಬಿಡದಿರಲಿ.

ನಿನ್ನ ತಮ್ಮ
ಟ್ಯೂನಿಸ್

ಮತ್ತೆ ಬರೆದದ್ದು:

ಲಕೋಟೆ ಅಂಟಿಸಿ, ಮತ್ತೆ ಹರಿದೆ. ಅಪ್ಪ ಇನ್ನೂ ಎದ್ದಿಲ್ಲ.

ಹೊತ್ತು ಸಾಲಲಿಲ್ಲ ಅಂತ ಬರೆದದ್ದು ಸುಳ್ಳು. ಮೂರು ಸಾಲು ಮುಗಿದಾಗ ಐದು ಗಂಟೆ. ಬೆಳಕು ಎಂಟರ ತನಕ ಇತ್ತು. ಗರಗಸವೂ ಚೆನ್ನಾಗಿತ್ತು. ಸಾರ್ಜೆಂಟ್ ಗುಡ್ಡಕ್ಕೆ ಹೋಗುವಾಗ ನನಗೇ ಒಪ್ಪಿಸಿ ಹೋಗಿದ್ದ, "ನಿಮ್ಮ ತೋಟ, ನೀನೇ ನಿಂತು ಮುಗಿಸಿಬಿಡು" ಅಂತ. ಲಮ್ಮರ್ಟ್ ಅಂಗಿ ಬಿಚ್ಚಿ ನಿಂತಿದ್ದ, "ಇನ್ನೆರಡೇ ಸಾಲು ಕಣೋ, ಎರಡು ಗಂಟೆ ಕೆಲಸ, ಬಾ" ಅಂದ. ನಾನು ಸಾಕು ಅಂದೆ. ಆ ಸಾಲು ಗನ್ನಿಗೆ ಅಡ್ಡ ಬರಲ್ಲ, ನಾನು ಇಲ್ಲೇ ಹುಟ್ಟಿ ಬೆಳೆದವನು, ನನಗೆ ಗೊತ್ತು ಅಂದೆ. ನಮ್ಮದೇ ತೋಟ ಅಂತ ಎಲ್ಲರೂ ನಂಬಿದರು. ಊಟಕ್ಕೆ ಹೋದರು.

ಅಡ್ಡ ಬರುತ್ತದೆ ಅಂತ ನನಗೆ ಗೊತ್ತಿತ್ತು. ಬರಬೇಕು ಅಂತಲೇ ಬಿಟ್ಟೆ. ದಂಡೆಯಲ್ಲಿ ಅಪ್ಪ ನಿನ್ನ ಬಗ್ಗೆ ಕೇಳಿದ್ದು ಕಿವಿಯಲ್ಲಿ ಇನ್ನೂ ಕೊರೆಯುತ್ತಿತ್ತು. ಮರ ಎಲ್ಲ ಕಡಿದುಬಿಟ್ಟರೆ ನಿನ್ನ ಕಾಗದ ತಪ್ಪು ಅಂತ ಅಪ್ಪನಿಗೆ ಹೇಗೆ ಗೊತ್ತಾಗುತ್ತದೆ? ಆ ಮರೆಯಲ್ಲಿ ನಾಲ್ಕು ಜನ ಬರಲಿ, ಯಾರದೋ ತೋಳಿಗೆ ಒಂದು ಗುಂಡು ತಾಗಲಿ, ಬೇಕಾದರೆ ನನ್ನ ತೋಳಿಗೇ ತಾಗಲಿ, ಆಗ ಅಪ್ಪ ಆ ಸಾಲು ನೋಡಿ ತಿಳಿದುಕೊಳ್ಳುತ್ತಾನೆ ಅಂದುಕೊಂಡೆ. ತೋಳು ಅಂತಲೇ ಅಂದುಕೊಂಡಿದ್ದು ಎವರ್ಟ್. ಕುತ್ತಿಗೆ ನೆನಪಿಗೆ ಬರಲಿಲ್ಲ.

ಬಂದ ದಿನವೇ ಅಪ್ಪನಿಗೆ ಹೇಳಿದೆ, ಮರ ಬಿಟ್ಟಿದ್ದು ನಾನು ಅಂತ. ಅಪ್ಪ ನನ್ನ ತಲೆ ಸವರಿ, "ಅಣ್ಣನ್ನ ಉಳಿಸೋಕೆ ನಿನ್ನ ಮೇಲೆ ಹಾಕ್ಕೋತೀಯಾ, ಇಷ್ಟು ದೊಡ್ಡ ಮನಸ್ಸು ನಿನಗಿದೆ ಅಂತ ಗೊತ್ತಿರಲಿಲ್ಲ" ಅಂದ. ನಾನು ಇನ್ನೊಂದು ಸಲ ಹೇಳಬಹುದಿತ್ತು. ಹೇಳಲಿಲ್ಲ. ಕೇಳಲು ಚೆನ್ನಾಗಿತ್ತು.

ಲಮ್ಮರ್ಟ್‌ನ ಅಮ್ಮ ನಿನ್ನ ಬಾಗಿಲಿಗೆ ಬರುವುದು ಬೇಡ. ಬುಧವಾರ ನಾನೇ ಏಡೆಗೆ ಹೋಗಿ ಆಕೆಯ ಎದುರು ನಿಲ್ಲುತ್ತೇನೆ. ನಿನ್ನ ವರದಿಯಲ್ಲಿ ನಿನ್ನ ತಪ್ಪು ಎಷ್ಟಿದೆಯೋ ಅಷ್ಟೇ ಬರೆ, ನನ್ನದನ್ನು ನನಗೆ ಬಿಡು. ಲಮ್ಮರ್ಟ್ ನನ್ನವನು. ಅವನ ಲೆಕ್ಕದಲ್ಲಾದರೂ ನೀನು ನನ್ನ ಮುಂದೆ ಬಂದು ನಿಲ್ಲಬೇಡ.

ಅಪ್ಪನಿಗೆ ಮಾತ್ರ ನೀನು ಬಂದು ಹೇಳಬೇಕು, ಮುಂದಿನ ಭಾನುವಾರ. ಈ ಕಾಗದವನ್ನು ಅವನ ಮುಂದೆ ಓದು, ನಾನು ಅಲ್ಲೇ ಕೂತಿರುತ್ತೇನೆ. ನಾನು ಹೇಳಿದರೆ ಅವನು ನಂಬುವುದಿಲ್ಲ. ಫೋಟೊ ಕಪಾಟಿಗೆ ಹಾಕಿದ್ದರೂ, ಮುಖ ನೋಡಲ್ಲ ಅಂತ ಆಣೆ ಮಾಡಿದ್ದರೂ, ನೀನು ಓದಿ ಹೇಳಿದರೆ ನಂಬುತ್ತಾನೆ. ಅದನ್ನು ಬರೆಯುವಾಗಲೂ ನನಗೆ ಹೊಟ್ಟೆ ಉರಿಯುತ್ತಿದೆ.